ಆಟಗಾರನ ಮೈಯೂ ದುಡಿಯುವ ಮೈಯೇ

ಕಬ್ಬು ನುರಿಸುವ ಹಂಗಾಮು ಇಳಿಮುಖವಾಗಿ ಜಾತ್ರೆಯ ದಿನಗಳು ಬಂದವೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ಮೈದಾನಗಳಿಗೆ ಜೀವ ಬರುತ್ತದೆ. ಹಗಲು ಕುಸ್ತಿಯ ಹಲಗೆ, ರಾತ್ರಿ ಕಬಡ್ಡಿಯ ಧ್ವನಿವರ್ಧಕ. ಬಹುಮಾನದ ಮೊತ್ತವನ್ನು ದೊಡ್ಡ ಅಕ್ಷರದಲ್ಲಿ ಬರೆದ ಫಲಕಗಳು ಬಸ್ ನಿಲ್ದಾಣದ ಎದುರು ತೂಗುತ್ತವೆ. ಆ ಫಲಕದ ಮೇಲೆ ಪುಢಾರಿಗಳ ಭಾವಚಿತ್ರಗಳಿರುತ್ತವೆ. ಬಹುಮಾನ ಕೊಟ್ಟ ಧಣಿಗಳ ಹೆಸರಿರುತ್ತದೆ. ಹೊರ ಊರಿನ ತಂಡಗಳಿಗೆ ಊಟದ ವ್ಯವಸ್ಥೆ ಇದೆಯೆಂಬ ಸೂಚನೆಯೂ ಇರುತ್ತದೆ. ಒಂದು ಮಾತು ಮಾತ್ರ ಇರುವುದಿಲ್ಲ. ಆಡುವ ಹುಡುಗನಿಗೆ ಪೆಟ್ಟಾದರೆ ನೋಡುವವರು ಯಾರು ಎಂಬ ಮಾತು.

ಕೆಲದಿನಗಳ ಹಿಂದೆ ರಾಯಬಾಗ ಕಡೆಯ ಒಬ್ಬ ತರುಣ ಕೋಲೂರಿಕೊಂಡು ನಮ್ಮ ಕಾರ್ಯಾಲಯದ ಮೆಟ್ಟಿಲು ಹತ್ತಿ ಬಂದ. ಹಂಗಾಮಿನಲ್ಲಿ ಸಕ್ಕರೆ ಕಾರಖಾನೆಯಲ್ಲಿ ಗುತ್ತಿಗೆಯ ಮೇಲೆ ಕಬ್ಬು ಇಳಿಸುವ ಕೆಲಸ, ಉಳಿದ ದಿನಗಳಲ್ಲಿ ಸಿಕ್ಕ ಕೂಲಿ, ರಾತ್ರಿ ಕಬಡ್ಡಿ. ಊರ ತಂಡದ ರೈಡರ್. ಪಕ್ಕದ ತಾಲೂಕಿನ ಪಂದ್ಯವೊಂದರಲ್ಲಿ ಇಬ್ಬರು ಅವನ ಕಾಲು ಹಿಡಿದಿದ್ದರು, ಅವನು ಸಿಕ್ಕಿಬಿದ್ದಾಗಿತ್ತು, ಪಂಚನ ಸೀಟಿಯೂ ಆಗಿತ್ತು. ಆಗ ಮೂರನೆಯವನೊಬ್ಬ ಓಡಿ ಬಂದು ಭುಜದಿಂದ ಅವನ ಮೊಣಕಾಲಿಗೆ ಗುದ್ದಿದ. ಜನ ಚಪ್ಪಾಳೆ ತಟ್ಟಿದರು. ಹುಡುಗ ಏಳಲಿಲ್ಲ. ಸಂಘಟಕರು ಒಂದು ಗಾಡಿ ಮಾಡಿ, ಬಾಡಿಗೆ ಕೊಟ್ಟು ಮನೆಗೆ ಕಳಿಸಿದರು. ನಾಲ್ಕು ದಿನ ಎಣ್ಣೆ ತಿಕ್ಕಿಸಿಕೊಂಡು, ಐದನೆಯ ದಿನ ಮಿರಜಿಗೆ ಹೋದಾಗ ಮೊಣಕಾಲಿನ ಒಳಗಿನ ಲಿಗಮೆಂಟು ಹರಿದಿದೆ, ಶಸ್ತ್ರಕ್ರಿಯೆ ಆಗಬೇಕೆಂದು ವೈದ್ಯರು ಹೇಳಿದರು. ಖರ್ಚು ಕೇಳಿ ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳಂತೆ. ಕಾಲು ಹೇಗಿದೆ ತಮ್ಮಾ ಎಂದು ನಾವು ಕೇಳಿದೆವು. "ಕಾಲಿನ ಮಾತು ಬಿಡ್ರಿ ಅಣ್ಣಾರ, ಈ ವರ್ಷದ ಹಂಗಾಮ ಹೋತ್ರಿ," ಎಂದ.

ಆ ಮಾತಿನಲ್ಲಿ ಇಡೀ ಪ್ರಶ್ನೆ ಅಡಗಿದೆ. ಅವನಿಗೆ ಹೋದದ್ದು ಆಟವಲ್ಲ, ಅನ್ನ.

ಇದೇ ಹುಡುಗ ಇದೇ ಮೊಣಕಾಲನ್ನು ಕಾರಖಾನೆಯ ಕಬ್ಬಿನ ಕೇರಿಯರಿನಲ್ಲಿ ಕಳೆದುಕೊಂಡಿದ್ದರೆ ಏನಾಗುತ್ತಿತ್ತು? ಗುತ್ತಿಗೆದಾರ ತಪ್ಪಿಸಿಕೊಳ್ಳಲು ನೋಡುತ್ತಿದ್ದ, ಮಾಲಿಕ ಮುಖ ತಿರುಗಿಸುತ್ತಿದ್ದ, ಅದು ನಿಜ. ಆದರೂ ಕೇಳುವುದಕ್ಕೆ ಒಂದು ಬಾಗಿಲು ಇರುತ್ತಿತ್ತು. 1923ರಲ್ಲೇ ಈ ದೇಶದಲ್ಲಿ ಕಾರ್ಮಿಕ ಪರಿಹಾರದ ಕಾಯಿದೆ ಬಂತು. ಕೆಲಸದಲ್ಲಿ ಗಾಯವಾದರೆ ಮಾಲಿಕನ ತಪ್ಪನ್ನು ಕಾರ್ಮಿಕ ರುಜುವಾತು ಮಾಡಬೇಕಿಲ್ಲ, ಗಾಯವಾದದ್ದಕ್ಕೇ ಪರಿಹಾರ ಕೊಡಬೇಕು ಎಂಬ ತತ್ವ ಅಂದು ನಿಂತಿತು. 1948ರ ಫ್ಯಾಕ್ಟರಿ ಕಾಯಿದೆ ತಿರುಗುವ ಯಂತ್ರಕ್ಕೆ ಬೇಲಿ ಹಾಕಿಸಿತು; 150 ಕಾರ್ಮಿಕರಿಗೆ ಒಂದರಂತೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಇಡಿಸಿತು; 500ಕ್ಕಿಂತ ಹೆಚ್ಚು ಜನ ದುಡಿಯುವಲ್ಲಿ ಚಿಕಿತ್ಸೆಗೇ ಒಂದು ಕೋಣೆ ಬೇಕೆಂದಿತು. ಆ ಕಾಯಿದೆಗಳ ಹೆಸರುಗಳು ಈಗ ಹೊಸ ಸಂಹಿತೆಗಳಲ್ಲಿ ಕರಗಿರಬಹುದು. ಆದರೆ ಯಂತ್ರಕ್ಕೆ ಬೇಲಿ ಬೇಕು, ಗಾಯಕ್ಕೆ ಪರಿಹಾರ ಬೇಕು ಎಂಬುದನ್ನು ಅಲ್ಲಗಳೆಯುವ ಎದೆ ಇಂದು ಯಾವ ಮಾಲಿಕನಿಗೂ ಇಲ್ಲ. ಕಾರಖಾನೆಯಲ್ಲಿ 150 ಜನಕ್ಕೆ ಒಂದು ಪೆಟ್ಟಿಗೆ ಬೇಕಾದರೆ, ಸಾವಿರಾರು ಜನ ಸೇರುವ ಮೈದಾನದಲ್ಲಿ, ಮೈಗೆ ಮೈ ಬಡಿಯುವುದೇ ಕೆಲಸವಾದಲ್ಲಿ, ಒಂದು ಪೆಟ್ಟಿಗೆಯೂ ಬೇಡವೇ?

ಆಟ ಬೇರೆ, ಕೆಲಸ ಬೇರೆ. ಹುಡುಗರು ಹೌಸಿಗಾಗಿ ಆಡುತ್ತಾರೆ, ಅದಕ್ಕೆ ಕಾಯಿದೆ ಏಕೆ ಎಂದು ಕೆಲವರು ಕೇಳುತ್ತಾರೆ. ಸಂಜೆ ಶಾಲೆಯ ಅಂಗಳದಲ್ಲಿ ಆಡುವ ಹುಡುಗರ ಮಾತನ್ನು ನಾವು ಆಡುತ್ತಿಲ್ಲ. ಎಲ್ಲಿ ಬಹುಮಾನದ ಹಣವಿದೆಯೋ, ಎಲ್ಲಿ ತಂಡಗಳಿಂದ ಪ್ರವೇಶ ಶುಲ್ಕ ಪಡೆಯುತ್ತಾರೋ, ಎಲ್ಲಿ ಒಂದು ಊರಿನ ತಂಡ ಇನ್ನೊಂದು ಊರಿನ ಆಟಗಾರನನ್ನು ರಾತ್ರಿಯ ಲೆಕ್ಕಕ್ಕೆ ಹಣ ಕೊಟ್ಟು ಕರೆತರುತ್ತದೆಯೋ, ಅಲ್ಲಿ ಹುಡುಗ ಮೈ ದುಡಿಸಿ ಹಣ ಪಡೆಯುತ್ತಿದ್ದಾನೆ. ಅದು ಪಗಾರವಲ್ಲದೆ ಮತ್ತೇನು?

ಈ ಜಾಣತನ ನಮ್ಮ ಸೀಮೆಗೆ ಹೊಸದೂ ಅಲ್ಲ. ನಿಪ್ಪಾಣಿಯ ಬೀಡಿ ಕಟ್ಟುವ ತಾಯಂದಿರನ್ನು ಕೇಳಿ. ಬೀಡಿ ಕಟ್ಟುವವರು ಮನೆಯಲ್ಲಿ ಕೂತು ಬಿಡುವಿನಲ್ಲಿ ಕಟ್ಟುತ್ತಾರೆ, ಅವರು ಕಾರ್ಮಿಕರೇ ಅಲ್ಲ ಎಂದು ಧಣಿಗಳು ವಾದಿಸುತ್ತಿದ್ದ ಕಾಲವಿತ್ತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ, ಮನೆಯಲ್ಲಿ ಕೂತು ಕಟ್ಟಿದರೂ ಆಕೆ ಕಾರ್ಮಿಕಳೇ ಎಂದಿತು. ಕೆಲಸ ನಡೆಯುವ ಜಾಗ ಯಾವುದೆಂಬುದು ಮುಖ್ಯವಲ್ಲ. ಯಾರ ಮೈ ಸವೆಯುತ್ತದೆ, ಯಾರಿಗೆ ಲಾಭ ಸಲ್ಲುತ್ತದೆ ಎಂಬುದು ಮುಖ್ಯ. ಅಂಗಳದ ಬೀಡಿಗೆ ಅನ್ವಯಿಸಿದ ನ್ಯಾಯ ಅಂಕಣದ ಮೊಣಕಾಲಿಗೂ ಅನ್ವಯಿಸಬೇಕು.

ಈಗ ಆಟದ ಮಾತಿಗೇ ಬರೋಣ. ಕಬಡ್ಡಿಯಲ್ಲಿ ರೈಡರನು ಒಂಟಿ. ಎದುರು ಏಳು ಜನ, ಕೈಯಲ್ಲಿ ಮೂವತ್ತು ಸೆಕೆಂಡು. ಎದುರಾಳಿಗಳು ಅವನ ಹಿಮ್ಮಡಿ ಹಿಡಿಯಬಹುದು, ತೊಡೆ ಹಿಡಿಯಬಹುದು, ಕೈಗೆ ಕೈ ಕೊಟ್ಟು ಸರಪಳಿ ಮಾಡಿ ಕಟ್ಟಿಹಾಕಬಹುದು. ಇದೆಲ್ಲ ನ್ಯಾಯವಾದ ಹಿಡಿತ. ಆದರೆ ಬಾಯಿ ಮುಚ್ಚಿ ಅವನ ಉಸಿರು ಕಟ್ಟಿಸುವುದು, ಗಾಯವಾಗುವಂತೆ ಒರಟಾಗಿ ಕೆಡಹುವುದು, ಕಾಲುಗಳ ಕತ್ತರಿಯಲ್ಲಿ ಹಾಕಿ ಹಿಸುಕುವುದು, ಇವನ್ನು ಆಟದ ನಿಯಮವೇ ಅನ್ಯಾಯವೆಂದು ಕರೆದಿದೆ. ಹಾಗೆ ಹಿಡಿದರೆ ರೈಡರನು ಔಟಲ್ಲ. ಹಸಿರು ಕಾರ್ಡು ತೋರಿಸಿ ಎಚ್ಚರಿಸುವ, ಹಳದಿ ಕಾರ್ಡಿಗೆ ಎರಡು ನಿಮಿಷ ಹೊರಗೆ ಕೂಡಿಸುವ, ಕೆಂಪು ಕಾರ್ಡಿಗೆ ಆಟದಿಂದಲೇ ಕಳಿಸುವ ಅಧಿಕಾರ ಪಂಚನಿಗಿದೆ. ನಿಯಮವಿಲ್ಲವೆಂದು ಯಾರೂ ಹೇಳುವಂತಿಲ್ಲ. ನಿಯಮವನ್ನು ನಡೆಸುವ ಧೈರ್ಯವಿಲ್ಲ. ಪಂಚನನ್ನು ಕರೆತಂದವರು ಸಂಘಟಕರು, ಅವನಿಗೆ ಊಟ ಹಾಕುವವರು ಅವರು, ಸಂಭಾವನೆ ಕೊಡುವವರೂ ಅವರೇ. ಆತಿಥೇಯ ಊರಿನ ಹುಡುಗನಿಗೆ ಕೆಂಪು ಕಾರ್ಡು ತೋರಿಸಿ ಆ ಊರು ದಾಟಿ ಹೋಗುವ ಗಂಡೆದೆ ಎಷ್ಟು ಪಂಚರಿಗಿದೆ?

ಇದರ ಫಲವೇನಾಗಬಹುದೆಂಬುದನ್ನು 2022ನೆಯ ಇಸವಿಯ ಜುಲೈ ತಿಂಗಳೊಂದೇ ತೋರಿಸಿಕೊಟ್ಟಿತು. ಬೆಂಗಳೂರಿನಲ್ಲಿ ನಡೆದ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ತರುಣನೊಬ್ಬ ತಲೆಗೆ ಪೆಟ್ಟು ತಿಂದು ಕುಸಿದ; ಆಸ್ಪತ್ರೆಯಲ್ಲಿ ಪ್ರಾಣ ಬಿಟ್ಟ. ಸ್ಥಳದಲ್ಲಿ ತಕ್ಕ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಅವನ ಕಡೆಯವರು ದೂರಿದರು. ಸಂಘಟಕರ ಮೇಲೆ ನಿರ್ಲಕ್ಷ್ಯದ ಮೊಕದ್ದಮೆ ದಾಖಲಾಯಿತು. ಅದೇ ತಿಂಗಳು ತಮಿಳುನಾಡಿನ ಕಡಲೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ರಾತ್ರಿ ಕಬಡ್ಡಿ ನಡೆದಿತ್ತು. ದಾಳಿಗೆ ಹೋದ ಕಾಲೇಜು ವಿದ್ಯಾರ್ಥಿಯೊಬ್ಬನನ್ನು ಹಿಡಿಯುವಾಗ ಎದುರಾಳಿಯ ಮೊಣಕಾಲು ಎದೆಗೆ ತಗುಲಿತು. ಏಳಲು ಹೋದ, ಅಲ್ಲೇ ಬಿದ್ದ, ತೀರಿಕೊಂಡ. ಎರಡೂ ಮನೆಗಳು ನಮ್ಮಂಥವರ ಮನೆಗಳೇ.

ಇದೆಲ್ಲ ವಿಧಿ, ಯಾರೇನು ಮಾಡಲಾದೀತು ಎನ್ನುವವರು ಮುಂದಿನದನ್ನೂ ಕೇಳಬೇಕು. ಬೆಂಗಳೂರಿನ ಆ ಸಾವಿನ ನಂತರ ಆರು ತಿಂಗಳಿಗೆ, 2023ರ ಜನವರಿ 2ರಂದು, ಅಮೆರಿಕದ ವೃತ್ತಿಪರ ಫುಟ್‌ಬಾಲ್ ಪಂದ್ಯದಲ್ಲಿ ಡಾಮರ್ ಹ್ಯಾಮ್ಲಿನ್ ಎಂಬ ಆಟಗಾರ ಎದುರಾಳಿಯನ್ನು ಹಿಡಿಯುವಾಗ ಎದೆಗೆ ಪೆಟ್ಟು ತಿಂದು ಬಿದ್ದ. ಅವನ ಹೃದಯ ನಿಂತುಹೋಗಿತ್ತು. ಅಂಕಣದ ಪಕ್ಕದಲ್ಲೇ ನಿಂತಿದ್ದ ವೈದ್ಯ ಸಿಬ್ಬಂದಿ ತಕ್ಷಣ ಧಾವಿಸಿ, ಎದೆ ಒತ್ತಿ, ಯಂತ್ರದಿಂದ ಹೃದಯವನ್ನು ಮತ್ತೆ ನಡೆಸಿದರು. ಅವನು ಬದುಕಿದ, ಅದೇ ವರ್ಷ ಮತ್ತೆ ಅಂಕಣಕ್ಕೆ ಇಳಿದ. ಅಂಕಣದ ಪಕ್ಕದಲ್ಲಿ ಆ ಸಿಬ್ಬಂದಿ ಇಲ್ಲದಿದ್ದರೆ ಅವನ ಹಣೆಯಲ್ಲಿ ಏನು ಬರೆದಿರುತ್ತಿತ್ತು?

ಆ ದೇಶದವರು ದೊಡ್ಡ ಮನಸ್ಸಿನವರೆಂದು ನಾವು ಹೇಳುತ್ತಿಲ್ಲ. ಅಲ್ಲಿಯ ಫುಟ್‌ಬಾಲಿನಲ್ಲಿ ಚೆಂಡನ್ನು ಕೈಯಿಂದ ಎಸೆದು ಆಟ ನಡೆಸುವ ಮುಖ್ಯ ಆಟಗಾರನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ನಮ್ಮ ರೈಡರನಂತೆ ಎಲ್ಲರ ಕಣ್ಣೂ ಅವನ ಮೇಲೆ, ಎಲ್ಲರ ಪೆಟ್ಟೂ ಅವನ ಮೇಲೆ. 2008ರಲ್ಲಿ ಟಾಮ್ ಬ್ರೇಡಿ ಎಂಬ ಪ್ರಖ್ಯಾತ ಕ್ವಾರ್ಟರ್‌ಬ್ಯಾಕ್ ಋತುವಿನ ಮೊದಲ ಪಂದ್ಯದಲ್ಲೇ ಮೊಣಕಾಲಿಗೆ ಪೆಟ್ಟು ತಿಂದು ಇಡೀ ಋತು ಹೊರಗುಳಿದ. ಮರುವರ್ಷವೇ, ನೆಲಕ್ಕೆ ಬಿದ್ದ ಆಟಗಾರ ಚೆಂಡೆಸೆಯುವವನ ಮೊಣಕಾಲಿನ ಮೇಲೆ ಎಗರಬಾರದೆಂದು ನಿಯಮ ಬಿಗಿಯಾಯಿತು. ಒಳ್ಳೆಯದೇ ಆಯಿತು. ಆದರೆ ಅದಕ್ಕಿಂತ ಮುಂಚೆ ಹರಿದ ಮೊಣಕಾಲುಗಳೇ ಇರಲಿಲ್ಲವೇ? ಇದ್ದವು. ಅವು ಅಷ್ಟು ಬೆಲೆಯ ಮೊಣಕಾಲುಗಳಾಗಿರಲಿಲ್ಲ. ಬಂಡವಾಳ ಮೊದಲು ಕಾಯುವುದು ತನ್ನ ದುಬಾರಿ ಸ್ವತ್ತನ್ನು.

ಅಲ್ಲಿಯೂ ಆಟಗಾರನಿಗೆ ನಿಜವಾದ ರಕ್ಷಣೆ ಸಿಕ್ಕಿದ್ದು ಸಂಘದಿಂದ. ಅಲ್ಲಿಯ ಫುಟ್‌ಬಾಲ್ ಆಟಗಾರರು 1956ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. 2022ರ ಸೆಪ್ಟೆಂಬರ್ 25ರಂದು ತುವಾ ಟಾಗೊವೈಲೋವಾ ಎಂಬ ಕ್ವಾರ್ಟರ್‌ಬ್ಯಾಕ್ ಪೆಟ್ಟು ತಿಂದೆದ್ದು, ಎಲ್ಲರ ಕಣ್ಣೆದುರು ತೂರಾಡಿದ. ಬೆನ್ನು ನೋವೆಂದು ಹೇಳಿ ಅವನನ್ನು ಅದೇ ಆಟಕ್ಕೆ ಮತ್ತೆ ಇಳಿಸಿದರು. ನಾಲ್ಕನೆಯ ದಿನ ಮುಂದಿನ ಪಂದ್ಯದಲ್ಲಿ ತಲೆ ನೆಲಕ್ಕೆ ಬಡಿದು ಅವನನ್ನು ಹೊತ್ತೊಯ್ಯಬೇಕಾಯಿತು. ಆಗ ಆಟಗಾರರ ಸಂಘ ತನ್ನ ಹಕ್ಕನ್ನು ಚಲಾಯಿಸಿ, ಮೊದಲ ಪಂದ್ಯದಲ್ಲಿ ಅವನನ್ನು ಪರೀಕ್ಷಿಸಿದ್ದ ಸಲಹಾ ವೈದ್ಯನನ್ನೇ ತೆಗೆಸಿತು. ಅಕ್ಟೋಬರಿನಲ್ಲಿ ನಿಯಮ ಬದಲಾಯಿತು: ಪೆಟ್ಟು ತಿಂದು ತೂರಾಡಿದವನನ್ನು ಅಂದಿನ ಆಟಕ್ಕೆ ಮತ್ತೆ ಇಳಿಸುವಂತಿಲ್ಲ. ಓದುಗ ಬಂಧುಗಳು ಇದನ್ನು ಗಮನಿಸಬೇಕು. ಗಾಯಾಳುವನ್ನು ನೋಡುವ ವೈದ್ಯನನ್ನು ತೆಗೆಸುವ ಹಕ್ಕು ಆಟಗಾರರ ಸಂಘಕ್ಕಿದೆ. ಮಾಲಿಕನ ಅನ್ನ ತಿನ್ನುವ ವೈದ್ಯ ಮಾಲಿಕನ ಮಾತನ್ನೇ ಆಡುತ್ತಾನೆಂಬುದು ನಮ್ಮ ಕಾರಖಾನೆಯ ಜನಕ್ಕೆ ಬಿಡಿಸಿ ಹೇಳಬೇಕಾದ್ದಲ್ಲ.

ನಮ್ಮ ದೇಶದಲ್ಲೂ 2014ರಿಂದ ಕಬಡ್ಡಿ ಹಣದ ಆಟವಾಗಿದೆ. ಪ್ರೊ ಕಬಡ್ಡಿಯ ಹರಾಜಿನಲ್ಲಿ ಆಟಗಾರರ ಬೆಲೆ ಕೋಟಿ ದಾಟಿದೆ. ಬೆಂಗಳೂರು ತಂಡದಲ್ಲಿ ಹೆಸರು ಮಾಡಿದ ಪವನ್ ಸೆಹ್ರಾವತ್ 2022ರಲ್ಲಿ 2 ಕೋಟಿ 26 ಲಕ್ಷಕ್ಕೆ ತಮಿಳು ತಂಡಕ್ಕೆ ಹೋದರು. ಆ ಅಕ್ಟೋಬರಿನಲ್ಲಿ ತಂಡದ ಮೊದಲ ಪಂದ್ಯದಲ್ಲೇ ಎದುರಾಳಿಯನ್ನು ಹಿಡಿಯುವಾಗ ಮೊಣಕಾಲಿಗೆ ಪೆಟ್ಟಾಗಿ ಅವರ ಇಡೀ ಋತು ಮುಗಿದುಹೋಯಿತು. ಚಿಕಿತ್ಸೆಯಾಯಿತು, ವಿಶ್ರಾಂತಿಯಾಯಿತು, ಮರುವರ್ಷ ಇನ್ನೂ ಹೆಚ್ಚಿನ ಬೆಲೆಗೆ, 2 ಕೋಟಿ 60 ಲಕ್ಷಕ್ಕೆ, ಮತ್ತೆ ಅಂಕಣಕ್ಕೆ ಬಂದರು. ಅವರ ಏಳಿಗೆಯಿಂದ ನಮಗೆ ಸಂತೋಷವೇ. ನಮ್ಮ ಪ್ರಶ್ನೆ ಇಷ್ಟೇ. ಮೊಣಕಾಲಿನ ಎಲುಬು ಎಲ್ಲರಿಗೂ ಒಂದೇ, ನೋವೂ ಒಂದೇ. ಕೋಟಿಯ ಮೊಣಕಾಲು ವರ್ಷದಲ್ಲಿ ಎದ್ದು ನಿಲ್ಲುವಾಗ, ಕೂಲಿಯ ಮೊಣಕಾಲು ಜೀವಮಾನವಿಡೀ ಕುಂಟಬೇಕೆಂಬುದು ಯಾವ ನ್ಯಾಯ?

ಪೆಟ್ಟಿಗೆ ಅಂಜುವವ ಗಂಡಸೇ, ಗರಡಿಯ ಮಣ್ಣಿನಲ್ಲಿ ಹೊರಳಿದ ನಮ್ಮ ಹಿರಿಯರು ವೈದ್ಯರನ್ನು ಕಟ್ಟಿಕೊಂಡು ಕುಸ್ತಿ ಆಡಿದರೇ ಎಂದು ಮೀಸೆ ತಿರುವುವವರು ನಮ್ಮಲ್ಲಿ ಕಡಿಮೆಯಿಲ್ಲ. ಅವರಿಗೆ ನಾವು ಗರಡಿಯ ಮಾತನ್ನೇ ನೆನಪಿಸುತ್ತೇವೆ. ಕುಸ್ತಿ ಕಣದ ಕೆಮ್ಮಣ್ಣನ್ನು ಅಗೆದು, ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದುದು ಏಕೆ? ಬಿದ್ದವನ ಎಲುಬು ಮುರಿಯದಿರಲಿ, ತರಚಿದ ಮೈ ಕೀವಾಗದಿರಲಿ ಎಂದು. ಮೈದಾನದಲ್ಲಿ ಪಂಚರು ಇಬ್ಬರನ್ನೂ ನಿಲ್ಲಿಸಿ, ಮೈಕಟ್ಟು, ವಯಸ್ಸು, ತಾಲೀಮು ನೋಡಿ ಜೋಡಿ ಹಚ್ಚುತ್ತಿದ್ದುದು ಏಕೆ? ಸರಿಸಮಾನರಲ್ಲದವರ ಕುಸ್ತಿ ಕುಸ್ತಿಯಲ್ಲ, ಹಿಂಸೆ ಎಂದು. ಸಾಕು ಎಂದು ವಸ್ತಾದ ಕೂಗಿದರೆ ಪಟ್ಟು ಬಿಡಬೇಕಿತ್ತು. ಬಿಡದವನಿಗೆ ಮರುದಿನ ಗರಡಿಯ ಬಾಗಿಲು ಮುಚ್ಚಿರುತ್ತಿತ್ತು. 1912ರಲ್ಲಿ ಕೊಲ್ಲಾಪುರದಲ್ಲಿ ಖಾಸಬಾಗ ಮೈದಾನ ತೆರೆದ ಶಾಹು ಮಹಾರಾಜರು ಮಲ್ಲರಿಗೆ ಬಹುಮಾನವನ್ನಷ್ಟೇ ಕೊಡಲಿಲ್ಲ, ಇರಲು ನೆಲೆ ಕೊಟ್ಟರು, ಖುರಾಕು ಕೊಟ್ಟರು. ಅಂದಿನದೆಲ್ಲ ಚಿನ್ನದ ಕಾಲವೆಂದು ನಾವು ಹೇಳುವುದಿಲ್ಲ. ಅರಸನ ಕೃಪೆ ಹಕ್ಕಾಗಲಾರದು. ಆದರೆ ಆಟಗಾರನ ಮೈಯನ್ನು ಕಾಯುವುದು ಹೇಡಿತನವೆಂದು ಆ ಹಿರಿಯರು ಎಂದೂ ತಿಳಿಯಲಿಲ್ಲ. ಅವರ ಮಣ್ಣನ್ನು ಬಿಟ್ಟೆವು, ಅವರ ಎಚ್ಚರವನ್ನೂ ಬಿಟ್ಟೆವು, ಮೀಸೆಯನ್ನಷ್ಟೇ ಇಟ್ಟುಕೊಂಡೆವು.

ಹಾಗಾದರೆ ಮಾಡಬೇಕಾದ್ದೇನು? ನಾವು ಕೇಳುವುದು ದೊಡ್ಡ ಮಾತಲ್ಲ. ಮೊದಲನೆಯದು, ವೈದ್ಯರಾಗಲಿ, ತರಬೇತಿ ಪಡೆದ ದಾದಿಯಾಗಲಿ, ಒಂದು ಸ್ಟ್ರೆಚರು, ಒಂದು ಗಾಡಿ ಇಲ್ಲದೆ ಹಣದ ಪಂದ್ಯ ಆರಂಭವಾಗಬಾರದು. ಪರವಾನಗಿ ಕೊಡುವ ಪಂಚಾಯತಿ ಮತ್ತು ಪೊಲೀಸರು ಇದನ್ನು ಷರತ್ತಾಗಿ ಬರೆಯಬೇಕು. ಎರಡನೆಯದು, ತಲೆಗೆ ಅಥವಾ ಎದೆಗೆ ಪೆಟ್ಟು ಬಿದ್ದವನು ಅಂದು ಮತ್ತೆ ಇಳಿಯಕೂಡದು, ತಾನೇ ಬೇಡಿಕೊಂಡರೂ ಕೂಡದು. ಹುಡುಗನ ಹುಮ್ಮಸ್ಸು ವೈದ್ಯನ ಮಾತಲ್ಲ. ಮೂರನೆಯದು, ಗಟ್ಟಿ ನೆಲದ ಮೇಲೆ ಪಂದ್ಯ ಬೇಡ. ಚಾಪೆ ಇಲ್ಲವಾದರೆ ನೆಲ ಅಗೆದು ಮೆತ್ತಗೆ ಮಾಡಿ. ಒಂದೇ ತಂಡವನ್ನು ಬೆಳಗಾಗುವ ತನಕ ಪಂದ್ಯದ ಮೇಲೆ ಪಂದ್ಯ ಆಡಿಸಬೇಡಿ. ದಣಿದ ಮೈಗೆ ಪೆಟ್ಟು ಬೇಗ. ನಾಲ್ಕನೆಯದು, ಪಂಚರನ್ನು ಹೊರ ಊರಿನಿಂದ ಕರೆಸಿ, ಅವರ ಸಂಭಾವನೆಯನ್ನು ಆಟಕ್ಕೆ ಮುಂಚೆಯೇ ಕೊಟ್ಟುಬಿಡಿ. ಕೈ ತುಂಬಿದವನ ಸೀಟಿ ನೇರವಾಗಿ ಊದುತ್ತದೆ.

ಐದನೆಯದು ವಿಮೆ. ವರ್ಷಕ್ಕೆ 20 ರೂಪಾಯಿಗೆ ಬ್ಯಾಂಕಿನಲ್ಲಿ ಸಿಗುವ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಅಪಘಾತದ ಸಾವಿಗೆ 2 ಲಕ್ಷ ಕೊಡುತ್ತದೆ, ಶಾಶ್ವತ ಅಂಗವಿಕಲತೆಗೂ ಹಣ ಕೊಡುತ್ತದೆ. ಅದನ್ನು ಪ್ರತಿ ಆಟಗಾರನೂ ಮಾಡಿಸಿಕೊಳ್ಳಲಿ. ಆದರೆ ಹರಿದ ಮೊಣಕಾಲಿನ ಆಸ್ಪತ್ರೆಯ ಬಿಲ್ಲನ್ನು ಅದು ಕಟ್ಟುವುದಿಲ್ಲ. ಆದ್ದರಿಂದ ಸಂಘಟಕರು ಬಹುಮಾನದ ಹಣವನ್ನು ಎತ್ತಿಡುವ ಮೊದಲೇ ಎಲ್ಲ ಆಟಗಾರರಿಗೂ ಚಿಕಿತ್ಸೆಯ ಖರ್ಚನ್ನೂ ಭರಿಸುವ ಸಾಮೂಹಿಕ ಅಪಘಾತ ವಿಮೆ ಮಾಡಿಸಬೇಕು. ಅದಕ್ಕಾಗಿ ಮೊದಲ ಬಹುಮಾನ ತುಸು ಕಡಿಮೆಯಾದರೆ ಆಗಲಿ.

ಇದನ್ನೆಲ್ಲ ಮಾಡಿಸುವವರು ಯಾರು? ವರ್ತಕ ಬಂಧುಗಳೇ, ಮೊದಲು ನೀವೇ. ರಸೀತಿ ಪುಸ್ತಕ ಹಿಡಿದು ಪಟ್ಟಿ ಎತ್ತಲು ಬರುವವರು ದೊಡ್ಡ ಧಣಿಯ ಬಂಗಲೆಗೆ ಒಮ್ಮೆ ಹೋದರೆ, ನಿಮ್ಮ ಕಿರಾಣಿ ಅಂಗಡಿಗೆ, ಚಹದ ಅಂಗಡಿಗೆ, ಚಪ್ಪಲಿ ಅಂಗಡಿಗೆ ಹತ್ತು ಸಲ ಬರುತ್ತಾರೆ. ನೂರು, ಇನ್ನೂರು ನೀವು ಕೊಟ್ಟೇ ಕೊಡುತ್ತೀರಿ. ಈ ಸಲ ಕೊಡುವ ಮುಂಚೆ ಒಂದು ಮಾತು ಕೇಳಿ: ವೈದ್ಯರು ಯಾರು, ಗಾಡಿ ಎಲ್ಲಿ, ವಿಮೆಯ ಕಾಗದ ತೋರಿಸಿ. ತೋರಿಸಿದರೆ ಹತ್ತು ರೂಪಾಯಿ ಹೆಚ್ಚು ಕೊಡಿ. ತೋರಿಸದಿದ್ದರೆ ಕೈಮುಗಿದು ಕಳಿಸಿ. ಒಂದು ಪೇಟೆಯ ಇಪ್ಪತ್ತು ಅಂಗಡಿಗಳು ಹೀಗೆ ಕೇಳಿದರೆ ಇಪ್ಪತ್ತೊಂದನೆಯ ಅಂಗಡಿಗೆ ಬರುವಾಗ ಅವರ ಕೈಯಲ್ಲಿ ಕಾಗದವಿರುತ್ತದೆ.

ಕಾರಖಾನೆಯ ಬಂಧುಗಳೇ, ಆಡುವ ಹುಡುಗರು ನಿಮ್ಮ ಮಕ್ಕಳು, ನಿಮ್ಮ ತಮ್ಮಂದಿರು, ನಿಮ್ಮ ಪಾಳಿಯ ಜೊತೆಗಾರರು. ಕಾರಖಾನೆಯ ಆಂಬ್ಯುಲೆನ್ಸನ್ನು ಪಂದ್ಯದ ರಾತ್ರಿ ಮೈದಾನಕ್ಕೆ ಕಳಿಸಿರೆಂದು ನಿಮ್ಮ ಸಂಘಗಳು ಆಡಳಿತ ಮಂಡಳಿಯನ್ನು ಕೇಳಲಿ. ತಾಲೂಕಿನ ಆಟಗಾರರು ಒಟ್ಟಾಗಿ ಸಂಘ ಕಟ್ಟಿಕೊಳ್ಳಲು ನೆರವಾಗಿ. ಸಂಘ ಹೇಗೆ ಕಟ್ಟುವುದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಹತ್ತು ತಂಡಗಳ ನಾಯಕರು ಸೇರಿ, ವೈದ್ಯರಿಲ್ಲದ ಮೈದಾನದಲ್ಲಿ ನಾವು ಇಳಿಯುವುದಿಲ್ಲವೆಂದು ಒಂದು ಋತು ನಿಂತರೆ ಸಾಕು. ಆಟಗಾರನಿಲ್ಲದೆ ಬಹುಮಾನದ ಫಲಕಕ್ಕೆ ಬೆಲೆಯಿಲ್ಲ, ಪುಢಾರಿಯ ಭಾವಚಿತ್ರಕ್ಕೂ ಬೆಲೆಯಿಲ್ಲ.

ಇನ್ನೊಂದು ಮಾತು ನಮಗೆ ನಾವೇ ಹೇಳಿಕೊಳ್ಳಬೇಕಾದ್ದು. ರಾಯಬಾಗದ ಆ ಹುಡುಗ ಬಿದ್ದಾಗ ಚಪ್ಪಾಳೆ ತಟ್ಟಿದವರು ಬಂಡವಾಳಶಾಹಿಗಳಲ್ಲ. ಹಗಲೆಲ್ಲ ದುಡಿದು ದಣಿದು ಬಂದ ನಮ್ಮ ಜನವೇ ತಟ್ಟಿದರು. ಒಳ್ಳೆಯ ಹಿಡಿತಕ್ಕೆ ಚಪ್ಪಾಳೆ ಸಲ್ಲಲಿ. ಸೀಟಿಯಾದ ಮೇಲೆ ಮೊಣಕಾಲಿಗೆ ಗುದ್ದಿದವನಿಗೆ ನಮ್ಮ ಚಪ್ಪಾಳೆ ಸಿಗದಿದ್ದರೆ, ಮುಂದಿನ ಸಲ ಅವನು ಗುದ್ದುವ ಮುಂಚೆ ಒಮ್ಮೆ ಯೋಚಿಸುತ್ತಾನೆ. ಅದಕ್ಕೆ ಕಾಯಿದೆ ಬೇಕಿಲ್ಲ, ಹಣ ಬೇಕಿಲ್ಲ. ನಾಳೆ ರಾತ್ರಿಯ ಪಂದ್ಯದಿಂದಲೇ ಅದನ್ನು ಆರಂಭಿಸಬಹುದು.